ಎಂಜಲು ಬೆರಳು

ಅತ್ತೆ ಮತ್ತೆ ಬೆರಳು ನೆಕ್ಕಿದರು. ಚಪ್ ಎಂದು ಸದ್ದು ಬಂತು. ನೆಕ್ಕಿದ ಕೈಯನ್ನೇ ಷರಬತ್ತು ಪುಡಿಯ ಡಬ್ಬಿಗೆ ಇಳಿಸಿದರು, ತೆಗೆದರು, ಮತ್ತೆ ಬಾಯಿಗಿಟ್ಟರು. ಹುಳಿ ಸ್ವಲ್ಪ ಮುಂದಾಯಿತು ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಮುಂದಿನ ಡಬ್ಬಿಯ ಮುಚ್ಚಳ ತೆಗೆದರು.

ಎದುರಿಗೆ ಕೂತು ಪೊಟ್ಟಣ ಕಟ್ಟುತ್ತಿದ್ದ ಸೊಸೆ ಮುಖ ತಿರುಗಿಸಿದಳು. ಬೆರಳ ತುದಿಯಲ್ಲಿ ಎಂಜಲು ಮಿರುಗಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಅತ್ತೆಯ ನಾಲಿಗೆಯೋ, ವರ್ಷಗಟ್ಟಲೆ ಹುಳಿ ತಿಂದು ಬೆಳ್ಳಗೆ ಬಿರುಕು ಬಿಟ್ಟಿತ್ತು. ಆ ನಾಲಿಗೆಯ ನೀರನ್ನು ತಾನೇ ಪೊಟ್ಟಣ ಕಟ್ಟಿ ಅಂಗಡಿಗೆ ಕಳಿಸುತ್ತಿದ್ದೇನೆ, ಯಾರ ಮಕ್ಕಳೋ ಅದನ್ನು ಚಪ್ಪರಿಸಿ ತಿನ್ನುತ್ತಿವೆ ಎಂದು ನೆನೆದು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸುತ್ತಿದ್ದಳು.

ಹಾಗೆ ನೋಡಿದರೆ ಅತ್ತೆಯಷ್ಟು ಅಚ್ಚುಕಟ್ಟಿನವರು ಇನ್ನೊಬ್ಬರಿಲ್ಲ. ಸಕ್ಕರೆ ಪುಡಿ, ಹುಳಿಗೆ ನಿಂಬೆ ಉಪ್ಪು, ಅಡುಗೆ ಸೋಡಾ, ಮೂರೇ ಸಾಮಾನು. ಅವುಗಳ ಹತ್ತಿರ ತೊಳೆದ ಚಮಚ ತಂದರೆ ಮೂರು ಸಲ ಒರೆಸುತ್ತಿದ್ದರು. ತಲೆಗೂದಲು ಆರದೆ ಸೊಸೆ ಅಡುಗೆಮನೆಗೆ ಕಾಲಿಟ್ಟರೆ ಗದರಿ ಬಿಸಿಲಿಗೆ ಅಟ್ಟುತ್ತಿದ್ದರು. ಊರಿಗೆಲ್ಲ ಇರುವ ಕಾನೂನು ಅತ್ತೆಯ ಬಾಯಿಗೆ ಮಾತ್ರ ಇಲ್ಲವಲ್ಲ ಎಂದು ಸೊಸೆಗೆ ಮೈ ಉರಿಯುತ್ತಿತ್ತು.

ಮದುವೆಯಾಗಿ ಬಂದ ಎರಡು ವರ್ಷ ಈ ಚಾಳಿ ಇರಲಿಲ್ಲ. ಆಗೆಲ್ಲ ಅತ್ತೆ ಚಿಟಿಕೆ ಪುಡಿಯನ್ನು ಕಾಗದದ ಮೇಲೆ ಸುರಿದುಕೊಂಡು ರುಚಿ ನೋಡುತ್ತಿದ್ದರು. ನೆಕ್ಕುವುದು ಈ ತಿಂಗಳು ಹತ್ತಿಕೊಂಡದ್ದು. ವಯಸ್ಸಾಯಿತು, ಬುದ್ಧಿ ಮಂಕಾಗುತ್ತಿದೆ ಎಂದು ಸೊಸೆ ತೀರ್ಮಾನಿಸಿದಳು. ಬಸ್ಸು ಓಡಿಸುವ ಗಂಡನಿಗೆ ದೂರಿದರೆ, ಅಮ್ಮನಿಗೆ ಬುದ್ಧಿ ಹೇಳುವವರು ಯಾರು ಎಂದು ಅವನು ಜಾರಿಕೊಂಡ.

ಎದ್ದು ಹೋಗಲು ಅವಳಿಗೆ ದಾರಿಯಿತ್ತು. ರಸಾಯನಶಾಸ್ತ್ರ ಓದಿದವಳು. ಪಕ್ಕದ ಬಡಾವಣೆಯ ಶಾಲೆಯವರು ಈ ತಿಂಗಳ ಮೊದಲಲ್ಲಿ ವಿಜ್ಞಾನ ಕಲಿಸಲು ಕರೆದಿದ್ದರು. ಅಂಥ ಕೆಲಸಕ್ಕೆ ಅವಳು ಬಾಯಿ ಬಿಟ್ಟುಕೊಂಡು ಕಾದಿದ್ದಳು. ಆದರೆ ಅತ್ತೆಯ ಮಣಿಕಟ್ಟು ಊದಿತ್ತು. ಒಬ್ಬರೇ ಇಷ್ಟು ಡಬ್ಬಿ ಹೇಗೆ ಕಲಸುತ್ತಾರೆ ಎಂದು ಮರುಗಿ ಇವಳೇ ಬೇಡವೆಂದುಬಿಟ್ಟಳು. ಹೋಗು ಎಂದು ಅತ್ತೆ ಹೇಳಿದ್ದೇನೋ ನಿಜ; ಬಾಯಿಮಾತಿಗೆ ಎಲ್ಲರೂ ಹಾಗೆನ್ನುತ್ತಾರೆ ಎಂದು ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ತಿಂಗಳ ಕೊನೆಯವರೆಗೆ ಜಾಗ ಖಾಲಿ ಇಟ್ಟಿರುತ್ತೇನೆ ಎಂದಿದ್ದರು ಮುಖ್ಯೋಪಾಧ್ಯಾಯಿನಿ.

ತಿಂಗಳು ಮುಗಿಯಲು ಎರಡು ದಿನ ಉಳಿದಿತ್ತು. ಅತ್ತೆ ಎಂದಿನಂತೆ ಬೆರಳು ನೆಕ್ಕಿ, ಕೈಯನ್ನು ಡಬ್ಬಿಗೆ ಇಳಿಸಿ, ನೀನೂ ನೋಡು ಎಂದು ನೇರವಾಗಿ ಸೊಸೆಯ ತುಟಿಯ ಹತ್ತಿರ ತಂದರು. ಪುಡಿ ಅವಳ ಮಡಿಲ ಮೇಲೆ ಉದುರಿತು. ಅವಳು ಮುಖ ಕಿವುಚಿ ಹಿಂದೆ ಸರಿದಳು.

"ಇದು ತಿನ್ನೋ ಪದಾರ್ಥ ಅತ್ತೆ. ನೀವು ಎಂಜಲು ಮಾಡಿದ್ದನ್ನ ನಾನಿನ್ನು ಕಟ್ಟಲ್ಲ."

"ಅಸಹ್ಯ ಆದ್ರೆ ಎದ್ದು ಹೋಗು," ಎಂದರು ಅತ್ತೆ, ತಲೆಯೆತ್ತದೆ. "ಇಲ್ಲೇ ಕೂರು ಅಂತ ಯಾರು ಕಟ್ಟಿ ಹಾಕಿದ್ದಾರೆ?"

ಅವಳು ಎದ್ದಳು. ಬಚ್ಚಲಿಗೆ ಹೋಗಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿದಳು. ಮುಖ ತೊಳೆದು, ಮುಖ್ಯೋಪಾಧ್ಯಾಯಿನಿಗೆ ಫೋನ್ ಮಾಡಿ, ನಾಳೆಯಿಂದಲೇ ಬರುತ್ತೇನೆ ಎಂದಳು.

ಮರುದಿನ ಹೊರಡುವಾಗ ಅತ್ತೆ ಒಂದು ಬಾಟಲಿ ಪುಡಿಯನ್ನು ಅವಳ ಚೀಲಕ್ಕೆ ತುರುಕಿದರು, ಪಾಠಕ್ಕೆ ಬೇಕಾದೀತು ಎಂದು. ಶಾಲೆಯಲ್ಲಿ ಅವಳು ಅದನ್ನು ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ ಎತ್ತಿ ಕಪಾಟಿನ ಮೂಲೆಗಿಟ್ಟಳು.

ಎರಡನೇ ವಾರ ಆಮ್ಲ, ಕ್ಷಾರದ ಪಾಠ ಬಂತು. ಬಾಟಲಿ ಮೇಜಿಗೇರಿತು. ಯಾರೂ ತಿನ್ನಕೂಡದು ಎಂದು ಎಚ್ಚರಿಸಿ ಅವಳು ವಿವರಿಸತೊಡಗಿದಳು. ಒಣಗಿದ್ದಾಗ ಹುಳಿ, ಸೋಡಾ ಎರಡೂ ಅಕ್ಕಪಕ್ಕ ತೆಪ್ಪಗಿರುತ್ತವೆ. ಒಂದು ಹನಿ ನೀರು ಬಿದ್ದರೆ ಸಾಕು, ಕಚ್ಚಾಡಲು ಶುರು. ಆ ಕಚ್ಚಾಟದಲ್ಲಿ ಗಾಳಿಯ ಗುಳ್ಳೆ ಏಳುತ್ತದೆ, ಜೊತೆಗೆ ಹೊಸ ನೀರೂ ಹುಟ್ಟುತ್ತದೆ. ಆ ನೀರು ಪಕ್ಕದ ಪುಡಿಯನ್ನೂ ಎಬ್ಬಿಸುತ್ತದೆ.

ಇದನ್ನು ಬೋರ್ಡಿನ ಮೇಲೆ ಬರೆದು ತಿರುಗುವಷ್ಟರಲ್ಲಿ, ಮುಂದಿನ ಬೆಂಚಿನ ಹುಡುಗಿ ಬೆರಳು ಚೀಪಿ ಬಾಟಲಿಯೊಳಗೆ ಅದ್ದಿಬಿಟ್ಟಿದ್ದಳು. ಒಳಗೆ ಬುಸ್ ಎಂದಿತು. ಟೀಚರು ಮತ್ತೆ ಮುಖ ಕಿವುಚಿದಳು. ಬಾಟಲಿ ಕಸಿದುಕೊಂಡು, ಚೆಲ್ಲಿಬಿಡೋಣ ಎಂದು ಊಟದ ಬಿಡುವಿನಲ್ಲಿ ಮುಚ್ಚಳ ತೆಗೆದಳು. ಬೆರಳು ಹೊಕ್ಕ ಜಾಗದಲ್ಲಿ ಗೋಲಿಯಷ್ಟು ದಪ್ಪ ಗಂಟು ಕಟ್ಟಿತ್ತು. ಬಗ್ಗಿಸಿದರೆ ಬೀಳಲಿಲ್ಲ.

ಅವಳು ಬಾಟಲಿ ಹಿಡಿದು ನಿಂತೇ ಇದ್ದಳು. ಅತ್ತೆ ತಿಂಗಳಿಡೀ ದಿನಕ್ಕೆ ಹತ್ತು ಡಬ್ಬಿಗೆ ಕೈ ಹಾಕಿದ್ದರು. ಅಷ್ಟೂ ಡಬ್ಬಿಗಳನ್ನು ಪೊಟ್ಟಣಕ್ಕೆ ಬಗ್ಗಿಸಿದವಳು ತಾನೇ. ಹಿಟ್ಟಿನ ಹಾಗೆ ಸುರಿಯುತ್ತಿತ್ತು. ಹುಡುಕಿದರೂ ಒಂದು ಗಂಟು ಸಿಗುತ್ತಿರಲಿಲ್ಲ. ಅಸಹ್ಯದಲ್ಲಿ ಓದಿದ್ದೆಲ್ಲ ಮರೆತುಹೋಗಿತ್ತೇ ಎಂದು ತನ್ನ ಮೇಲೇ ನಾಚಿಕೆಯಾಯಿತು. ಮನೆಗೆ ಫೋನ್ ಮಾಡಿದಳು. ಅಷ್ಟು ಡಬ್ಬಿಯಲ್ಲಿ ಒಂದೂ ಗಂಟು ಕಟ್ಟಲಿಲ್ಲವಲ್ಲ, ಅದು ಹೇಗೆ ಎಂದು ಕೇಳಿದಳು.

ಆ ಕಡೆ ಅತ್ತೆ ಡಬ್ಬಿಯ ಮುಚ್ಚಳ ಮುಚ್ಚಿದ ಸದ್ದು ಕೇಳಿತು.

"ನೆಕ್ಕಿದ್ದು ನಡುಬೆರಳು ಕಣಮ್ಮ, ಡಬ್ಬಿಗೆ ಹಾಕಿದ್ದು ತೋರುಬೆರಳು," ಎಂದರು ಅತ್ತೆ. "ಬಾಯಲ್ಲಿ ಹೇಳಿದ್ರೆ ನೀನು ಹೋಗಲಿಲ್ಲವಲ್ಲ."