ಬ್ಯುರೆಟ್ಟಿನ ಹಿಂದಿನ ಹಾಳೆ

2019ರ ಅಕ್ಟೋಬರ್ 11, ಮಧ್ಯಾಹ್ನ ಮೂರು ನಲವತ್ತು. ರಸಾಯನಶಾಸ್ತ್ರದ ತರಗತಿ ಬಿಡುವವರು ನಾಲ್ಕರೊಳಗೆ ಅರ್ಜಿಗೆ ಸಹಿ ಹಾಕಿಸಬೇಕು. ನಲವತ್ತೊಂದು ವರ್ಷದ ಒಫೀಲಿಯಾ ಕಮ್ಯುನಿಟಿ ಕಾಲೇಜಿನ ಲ್ಯಾಬಿನಲ್ಲಿ ಅರ್ಜಿ ಹಿಡಿದು ನಿಂತಿದ್ದಳು.

“ಮಿಸ್, ಈ ಮಕ್ಕಳ ಜೊತೆ ನಂಗೆ ಓದೋಕಾಗಲ್ಲ. ಡೈರಿ ಹಸುಗಳೇ ಸರಿ ನಂಗೆ.”

“ಹಸುಗಳನ್ನ ಕೇಳಿದ್ರಾ?” ಎಂದರು ಅಧ್ಯಾಪಕಿ ಹಗೋಪಿಯನ್. “ಸಹಿ ಹಾಕ್ತೀನಿ. ಮೊದ್ಲು ಈ ಬ್ಯುರೆಟ್ ಓದಿ. ಮೂರು ಹುಡುಗ್ರು ಮೂರು ಅಳತೆ ಹೇಳ್ತಿದಾರೆ.”

ಒಫೀಲಿಯಾ ಮಂಡಿಯೂರಿದಳು. ಗಾಜಿನ ಕೊಳವೆಯೊಳಗಿನ ದ್ರವದ ಮಟ್ಟಕ್ಕೆ ಕಣ್ಣು ತಂದು, ಗೆರೆ ಸ್ಪಷ್ಟವಾಗಲೆಂದು ಅರ್ಜಿಯ ಖಾಲಿ ಬೆನ್ನನ್ನು ಅದರ ಹಿಂದೆ ಹಿಡಿದು ಅಳತೆ ಹೇಳಿದಳು. ಹಗೋಪಿಯನ್ ತಾವೇ ಓದಿಟ್ಟಿದ್ದ ಸಂಖ್ಯೆಯೂ ಅದೇ.

“ಹೀಗೆ ಓದೋಕೆ ಯಾರು ಕಲಿಸಿದ್ದು?”

“ಹನ್ನೊಂದು ವರ್ಷ ಹಾಲಿನ ಟ್ಯಾಂಕ್ ಅಳತೆ ನೋಡಿದೀನಿ, ಮಿಸ್. ನಿಂತ್ಕೊಂಡು ನೋಡಿದ್ರೆ ಅದು ಸುಳ್ಳು ಹೇಳುತ್ತೆ.”

ಹಿಂದೆ ಹುಡುಗರು ಒಬ್ಬೊಬ್ಬರಾಗಿ ಮಂಡಿಯೂರತೊಡಗಿದರು.

“ಊರಿನ ನೀರು ಪರೀಕ್ಷೆ ಮಾಡೋ ಲ್ಯಾಬಿಗೆ ಇಂಥ ಕಣ್ಣೇ ಬೇಕಂತೆ. ಸೋಮವಾರ ಬನ್ನಿ, ಆ ಕೆಲಸದ ಅರ್ಜಿ ಇಬ್ರೂ ಕೂತು ಬರೆಯೋಣ” ಎಂದು ಹಗೋಪಿಯನ್ ಅವಳ ಕೈಯ ಹಾಳೆ ತೆಗೆದುಕೊಂಡರು. ಸಹಿಯ ಜಾಗದಲ್ಲಿ ಅವಳು ಓದಿದ್ದನ್ನು ಬರೆದರು: 23.45 ಮಿಲಿಲೀಟರ್.