ಥಾರ್ನ್‌ಬರಿಯ ಮರ್ಯಾದಸ್ಥರು

"ನಿನ್ನೆ ಲ್ಯಾಟಿನ್ ಪಾಠ ಹೇಗಿತ್ತು?" ಎಂದು ಬ್ರ್ಯಾಡ್‌ಫೋರ್ಡ್ ಕೇಳಿದ ಕೂಡಲೇ ಗಸ್‌ನ ಕೈಯಲ್ಲಿದ್ದ ಬೂಟು ಕೆಳಗೆ ಬಿತ್ತು.

"ಚೆನ್ನಾಗೇ ಇತ್ತು. ಯಾಕೆ, ನೀನು ಬಂದಿರ್ಲಿಲ್ವಾ?"

"ನಾನಾ? ಬಂದಿದ್ದೆ ಮಾರಾಯ. ಹಿಂದಿನ ಬೆಂಚಲ್ಲಿದ್ದೆ."

ಇಬ್ಬರೂ ಲೇಸು ಕಟ್ಟುವುದರಲ್ಲಿ ಮುಳುಗಿದರು.

ಇವನಿಗೆ ವಾಸನೆ ಹತ್ತಿದೆ ಎಂದು ಗಸ್‌ಗೆ ಖಾತ್ರಿಯಾಯಿತು. ಹಿಂದಿನ ಬೆಂಚಿನಲ್ಲಿ ಕೂತು ತನ್ನನ್ನೇ ಹುಡುಕಿರಬೇಕು. ಗಸ್ ಹಾಲ್ವರ್ಸನ್ ಲ್ಯಾಟಿನ್ ಪಾಠದ ಕೋಣೆಯ ಬಾಗಿಲನ್ನೂ ಕಂಡವನಲ್ಲ. ಅವನು ಪಕ್ಕದ ಜಿಲ್ಲೆಯಲ್ಲಿ ಕುದುರೆಗಳಿಗೆ ಲಾಳ ಹೊಡೆಯುವ ಕಮ್ಮಾರ, ವಯಸ್ಸು ಇಪ್ಪತ್ತೊಂಬತ್ತು. ಥಾರ್ನ್‌ಬರಿ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಮಾತ್ರ ಅವನ ಹೆಸರು ಕ್ಲಾರೆನ್ಸ್ ವಿಟ್‌ಮೋರ್, ಎರಡನೆಯ ವರ್ಷದ ವಿದ್ಯಾರ್ಥಿ.

ಸೆಪ್ಟೆಂಬರಿನಲ್ಲಿ ತಂಡದ ಮ್ಯಾನೇಜರ್ ಲೂಥರ್ ಪೆಕ್ ಕುಲುಮೆಗೆ ಬಂದು, ಸಂತೆಯಲ್ಲಿ ಎತ್ತು ನೋಡುವವರ ಹಾಗೆ ಅವನ ತೋಳು ಹಿಸುಕಿ ನೋಡಿದ್ದ. "ಒಂದ್ ವಿಷಯ ನೆನಪಿಟ್ಕೋ," ಎಂದಿದ್ದ. "ಉಳಿದ ಹತ್ತು ಜನ ಮರ್ಯಾದಸ್ಥರ ಮಕ್ಕಳು, ಅಪ್ಪಟ ವಿದ್ಯಾರ್ಥಿಗಳು. ನೀನೊಬ್ನೇ ಕಳ್ಳಮಾಲು. ಬಾಯಿಬಿಟ್ಯೋ, ಅವರ ಮಾನನೂ ಹೋಗುತ್ತೆ."

ಗಸ್ ಬಾಯಿಬಿಡಲಿಲ್ಲ. ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು ಆರು ಕಾಲೇಜುಗಳ ಹುಡುಗರನ್ನು ಕೆಡವುತ್ತ ಓಡಿದ. ಆರೂ ಪಂದ್ಯಗಳಲ್ಲಿ ಗೆಲುವು. ಉಳಿದಿದ್ದು ಇವತ್ತಿನ ಎದುರಾಳಿ ವೆಕ್ಸ್‌ಲಿ ಕಾಲೇಜು ಒಂದೇ. ಅದನ್ನು ಥಾರ್ನ್‌ಬರಿ ಹತ್ತೊಂಬತ್ತು ವರ್ಷಗಳಿಂದ ಸೋಲಿಸಿರಲಿಲ್ಲ.

ಅಷ್ಟರಲ್ಲಿ ಗಸ್‌ಗೆ ಗೆಲುವಿಗಿಂತ ಆ ಹತ್ತು ಮಂದಿಯೇ ಹೆಚ್ಚಾಗಿಬಿಟ್ಟಿದ್ದರು. ಎಂಥ ದೊಡ್ಡ ಮನೆಯವರು, ಎಷ್ಟು ಸರಳ. ಬ್ರ್ಯಾಡ್‌ಫೋರ್ಡ್‌ನ ಉಗುರುಸಂದಿಯಲ್ಲಿ ಸದಾ ಕಪ್ಪು. ಪಾಪ, ಅಷ್ಟೊಂದು ಬರೆಯುತ್ತಾನೆ, ಶಾಯಿ ಹೋಗುವುದೇ ಇಲ್ಲ. ಬಿಸಿಲಿಗೆ ಬಂದರೆ ಸುರಂಗದಿಂದ ಎದ್ದು ಬಂದವನಂತೆ ಕಣ್ಣು ಕಿರಿದು ಮಾಡುತ್ತಾನೆ. ಎಲ್ಲ ಓದಿನ ಫಲ. ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಲಯನೆಲ್ ಆಟದ ಸಂಕೇತಗಳನ್ನು ರೈಲ್ವೆ ಸ್ಟೇಷನ್ನುಗಳ ಹೆಸರು ಕೂಗುವ ಹಾಗೆ ರಾಗವಾಗಿ ಕೂಗುತ್ತಾನೆ. ಭಾಷಣಕಲೆ ಕಲಿತವನಿರಬೇಕು. ಅವನನ್ನು ಹೆಸರು ಹಿಡಿದು ಮೂರು ಸಲ ಕರೆದರೆ ಒಮ್ಮೆ ತಿರುಗುತ್ತಾನೆ. ವಿದ್ವಾಂಸರಿಗೆ ಮರೆವು ಸಹಜ. ಇಂಥವರ ಸಾಲಿನಲ್ಲಿ ತಾನು ಹಂಸಗಳ ನಡುವಿನ ಕೊಕ್ಕರೆ ಎಂದು ಗಸ್ ದಿನವೂ ಸಂಕಟಪಡುತ್ತಿದ್ದ.

ಕಾಲೇಜಿನ ಮೇಕೆ ಸಾಲೊಮನ್‌ನ ಹತ್ತಿರ ಮಾತ್ರ ಅವನಿಗೆ ನಿರಾಳ. ಪ್ರವೇಶದ ದಿನ ಹುಡುಗರು ತಮಾಷೆಗೆ ಅದರ ಹೆಸರನ್ನೂ ದಾಖಲಾತಿ ಪುಸ್ತಕದಲ್ಲಿ ಬರೆದಿದ್ದರು. ಕಣ್ಣು ಮಂಜಾದ ಅಧ್ಯಕ್ಷ ಡಾಕ್ಟರ್ ಹಾಲಿಸ್ ಸಹಿಯನ್ನೂ ಹಾಕಿದ್ದರು. ಅದು ತರಗತಿಗೂ ಹೋಗುತ್ತಿತ್ತು, ಯಾರದಾದರೂ ನೋಟುಬುಕ್ಕು ತಿಂದು ಬರುತ್ತಿತ್ತು. ಪಂದ್ಯಕ್ಕೆ ಮುನ್ನ ತಂಡ ಸಾಲಾಗಿ ನಿಂತಾಗ ಅದರ ಹಗ್ಗ ಹಿಡಿಯುವುದು ಗಸ್‌ನ ಪಾಲಿಗೆ ಬಂದಿತ್ತು.

"ಕ್ಲಾರೆನ್ಸ್," ಎಂದ ಬ್ರ್ಯಾಡ್‌ಫೋರ್ಡ್, ಲೇಸಿನಿಂದ ತಲೆ ಎತ್ತದೆ. "ಅಕಸ್ಮಾತ್ ನಮ್ಮಲ್ಲೊಬ್ಬ ಸುಳ್ಳುಗಾರ ಇದ್ದ ಅಂತಿಟ್ಕೋ. ಅವನನ್ನ ಏನ್ಮಾಡ್ತೀಯ?"

ಗಸ್ ಇನ್ನೊಂದು ಬೂಟಿಗೆ ಕೈಹಾಕಿದ. "ಅವನೇ ಒಪ್ಕೊಂಡ್ರೆ ಕ್ಷಮಿಸ್ಬಿಡ್ತೀನಿ ಕಣೋ."

"ನಾನೂ ಅಷ್ಟೇ," ಎಂದ ಬ್ರ್ಯಾಡ್‌ಫೋರ್ಡ್. ಯಾಕೋ ಅವನು ಕಟ್ಟಿದ ಲೇಸನ್ನೇ ಬಿಚ್ಚಿ ಮತ್ತೆ ಕಟ್ಟತೊಡಗಿದ.

ಮೈದಾನದಲ್ಲಿ ಜನ ಕಿಕ್ಕಿರಿದಿದ್ದರು. ತಂಡ ಸಾಲಾಗಿ ನಿಂತಿತು. ಸೀಟಿ ಊದುವ ಮೊದಲೇ ವೆಕ್ಸ್‌ಲಿಯ ನಾಯಕ ಡಾಕ್ಟರ್ ಹಾಲಿಸರ ಬಳಿ ಹೋಗಿ, ಎಲ್ಲರಿಗೂ ಕೇಳುವಂತೆ, "ಸರ್, ನಿಮ್ಮ ತಂಡದಲ್ಲಿ ಕಾಲೇಜಿಗೇ ಸೇರದವನೊಬ್ಬ ಇದ್ದಾನೆ," ಎಂದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಗಸ್‌ನ ಕೈ ನಿಜವಾಗಿಯೂ ಹೆಗಲಿಗೆ ಹೋಯಿತು. ಅತ್ತ ಪೆಕ್ ಯಾವುದೋ ಕೆಲಸ ನೆನಪಾದವನಂತೆ ಗೇಟಿನ ಕಡೆ ನಡೆದ.

ಡಾಕ್ಟರ್ ಹಾಲಿಸ್ ಹಳೆಯ ಕಾಲದ ಪಾದ್ರಿ. ಥಾರ್ನ್‌ಬರಿಯಲ್ಲಿ ಕಾಗದಪತ್ರ ನೋಡುವ ಪದ್ಧತಿ ಇರಲಿಲ್ಲ, ಹುಡುಗರ ಮಾತೇ ಪ್ರಮಾಣ.

"ಮಕ್ಕಳೇ, ಎಲ್ಲರೂ ಕಣ್ಣು ಮುಚ್ಚಿ, ನಾನೂ ಪ್ರಾರ್ಥನೆ ಮಾಡ್ತೀನಿ," ಎಂದರು. "ನಮ್ಮ ಪುಸ್ತಕದಲ್ಲಿ ಹೆಸರಿಲ್ಲದವನು ಒಂದು ಹೆಜ್ಜೆ ಹಿಂದಕ್ಕೆ ಹೋಗಲಿ. ಅವನು ಒಪ್ಪಿಕೊಂಡರೆ ಉಳಿದವರು ಆಡಬಹುದು. ಬಚ್ಚಿಟ್ಟರೆ ಈ ವರ್ಷ ಗೆದ್ದ ಆರೂ ಪಂದ್ಯ ವಾಪಸು."

ಗಸ್ ಕಣ್ಣು ಮುಚ್ಚಿದ. ಸುಮ್ಮನಿದ್ದರೆ ವೆಕ್ಸ್‌ಲಿಯನ್ನು ಕೆಡವಬಹುದು. ಹಿಂದೆ ಸರಿದರೆ ಕುಲುಮೆಗೆ ವಾಪಸು, ಇಂಥ ಗೆಳೆಯರು ಮತ್ತೆ ಸಿಗುವುದಿಲ್ಲ. ಆದರೆ ಇಂಥ ಚಿನ್ನದಂಥ ಹುಡುಗರ ಮಾನ ತನ್ನೊಬ್ಬನಿಂದ ಹೋಗುವುದೇ? ಅಳು ಬಂತು. ಮೇಕೆಯ ಹಗ್ಗ ಬಿಟ್ಟು ಒಂದು ಹೆಜ್ಜೆ ಹಿಂದಕ್ಕಿಟ್ಟ.

ಕೆಸರಿನಲ್ಲಿ ಅವನ ಬೂಟು ದೊಪ್ಪೆಂದ ಸದ್ದು ಇಡೀ ದಂಡು ಕಾಲಿಟ್ಟಷ್ಟು ಜೋರಾಗಿ ಕೇಳಿಸಿತು. ತಪ್ಪು ಮಾಡಿದವನ ಕಿವಿಗೆ ಹಾಗೆಯೇ ಕೇಳಿಸುವುದು ಎಂದುಕೊಂಡ.

"ಆಮೆನ್," ಎಂದರು ಡಾಕ್ಟರ್ ಹಾಲಿಸ್.

ಗಸ್ ಕಣ್ಣು ತೆರೆದ. ಬಲಗಡೆ ಹೆಗಲಿಗೆ ಹೆಗಲು ತಾಗಿಸಿ ಬ್ರ್ಯಾಡ್‌ಫೋರ್ಡ್ ಕಣ್ಣೊರೆಸಿಕೊಳ್ಳುತ್ತಿದ್ದ. ಎಡಗಡೆ ಲಯನೆಲ್. ಅವನಾಚೆ, ಇವನಾಚೆ, ಉಳಿದ ಎಂಟೂ ಮಂದಿ.

ಎಲ್ಲರಿಗಿಂತ ಒಂದು ಹೆಜ್ಜೆ ಮುಂದೆ, ಒಂಟಿಯಾಗಿ ನಿಂತು ಹುಲ್ಲು ಮೇಯುತ್ತಿದ್ದ, ಥಾರ್ನ್‌ಬರಿ ತಂಡದ ಏಕೈಕ ವಿದ್ಯಾರ್ಥಿ ಸಾಲೊಮನ್.