ಖಾಲಿ ಕುರ್ಚಿಗಳ ಬೀಳ್ಕೊಡುಗೆ

ಇದನ್ನು ಓದಿ ಕಣ್ಣು ಒದ್ದೆಯಾಗದಿದ್ದರೆ ನನ್ನ ನಂಬರನ್ನೇ ಬ್ಲಾಕ್ ಮಾಡಿಬಿಡಿ...

ಒಂದು ಊರಿನ ಬಸ್ ಡಿಪೊಗೆ ಹಂಚಿನಾಳ ಸಾಹೇಬರು ಮ್ಯಾನೇಜರ್. ಅವರು ಕೆಮ್ಮಿದರೆ ಸಾಕು, ಕೆಟ್ಟು ನಿಂತ ಬಸ್ಸೂ ಹೆದರಿ ಸ್ಟಾರ್ಟ್ ಆಗುತ್ತಿತ್ತು!

ಅವರು ಕೊಟ್ಟ ಮೆಮೊಗಳನ್ನು ಹಾಸಿದರೆ ಬೀದರಿನಿಂದ ಮಂಗಳೂರಿಗೆ ರಸ್ತೆಯೇ ಆಗುತ್ತಿತ್ತು.

ಯಾರನ್ನೂ ಹೆಸರು ಹಿಡಿದು ಕರೆದವರಲ್ಲ... ನೌಕರರಿಗೆ ಕೊಟ್ಟ ಟೋಕನ್ ನಂಬರಿನಿಂದಲೇ ಕೂಗುತ್ತಿದ್ದರು.

ನಿವೃತ್ತಿಯ ದಿನ ಬಂತು. ಸಂಜೆಯ ಬೀಳ್ಕೊಡುಗೆಗೆ ಎಲ್ಲರೂ ಹಾಜರಿರಬೇಕು, ತಪ್ಪಿದರೆ ಕ್ರಮ ಎಂದು ತಾವೇ ಸುತ್ತೋಲೆ ಹೊರಡಿಸಿದರು.

"ನೋಡ್ತಿರು, ಇಡೀ ಡಿಪೊ ಅಳತೈತಿ" ಎಂದು ಹೆಂಡತಿ ಗಿರಿಜಮ್ಮನಿಗೆ ರೇಷ್ಮೆ ಸೀರೆ ಉಡಿಸಿ ಕರೆತಂದರು.

ಒಂದೇ ಒಂದು ತಪ್ಪಾಗಿತ್ತು... ಮಧ್ಯಾಹ್ನವೇ ಹೊಸ ಮ್ಯಾನೇಜರಿಗೆ ಚಾರ್ಜ್ ಕೊಟ್ಟು ಸಹಿ ಹಾಕಿದ್ದರು. ಸಹಿ ಒಣಗುವ ಮೊದಲೇ ಆ ಸುತ್ತೋಲೆ ರದ್ದಿ ಕಾಗದವಾಗಿತ್ತು.

ಸಂಜೆ ಶಾಮಿಯಾನದ ಕೆಳಗೆ ಸಾವಿರ ಕುರ್ಚಿ. ಸರಿ, ನೂರು ಅಂದುಕೊಳ್ಳಿ... ಕೂತವರು ಮಾತ್ರ ಗಂಡ ಹೆಂಡತಿ ಇಬ್ಬರೇ.

ಗ್ಯಾರೇಜಿನ ಕಡೆಯಿಂದ ಹಾರ್ನ್, ನಗು, ಚಪ್ಪಾಳೆ! ಅಂದೇ ನಿವೃತ್ತರಾದ ಮೆಕ್ಯಾನಿಕ್ ಮೌಲಾಸಾಬರನ್ನು ಬಾಳೆಕಂದು, ಚೆಂಡುಹೂ ಕಟ್ಟಿದ ಬಸ್ಸಿನಲ್ಲಿ ಮನೆ ಮುಟ್ಟಿಸಲು ಎಲ್ಲರೂ ಅಲ್ಲಿ ಸೇರಿದ್ದರು.

ಯಾರ ಬಸ್ಸು ಎಲ್ಲಿ ಕೆಟ್ಟರೂ ಊಟ ಬಿಟ್ಟು ಓಡುತ್ತಿದ್ದವರು ಅವರು. ಅವರ ಮಗಳ ಮದುವೆಗೆ ರಜೆ ಕೊಡದವರು ಇದೇ ಸಾಹೇಬರು...

"ಬರತಾರೇನ್ರಿ ಯಾರಾದ್ರೂ?" ಗಿರಿಜಮ್ಮ ಮೆಲ್ಲಗೆ ಕೇಳಿದರು.

ಸಾಹೇಬರು ಗಡಿಯಾರ ನೋಡಿದರು... ಆಮೇಲೆ ನೆಲ ನೋಡಿದರು.

ಅಷ್ಟರಲ್ಲಿ ಹಾರ್ನ್ ನಿಂತಿತು. ಮೌಲಾಸಾಬರು ಮುಂದೆ, ಇಡೀ ಡಿಪೊ ಹಿಂದೆ!

"ಸಾಹೇಬ್ರು, ಅಕ್ಕಾರು ಇಬ್ಬರ ಕುಂತಾರ, ನಾ ಹೆಂಗ ಬಸ್ ಹತ್ತಲಿ ಅಂದೆ. ಎಲ್ಲಾರೂ ಎದ್ದ ಬಂದ್ರು" ಎನ್ನುತ್ತ ಮೌಲಾಸಾಬರು ತಮಗೆ ತಂದಿದ್ದ ಹಾರವನ್ನು ಸಾಹೇಬರ ಕೊರಳಿಗೆ ಹಾಕಿದರು.

ಒಬ್ಬ ಡ್ರೈವರ್ ಗಿರಿಜಮ್ಮನ ಕಾಲು ಮುಟ್ಟಿ ನಮಸ್ಕರಿಸಿದ. ಆಕೆ ಗಂಡನ ಕಡೆ ತಿರುಗಿದರು. "ಇವನ ಹೆಸರೇನ್ರಿ?"

ಸಾಹೇಬರು ಬಾಯಿ ತೆರೆದರು... ನಾಲಿಗೆಗೆ ಬಂದದ್ದು ಬರೀ ಒಂದು ನಂಬರು.

ತುಂಗಭದ್ರೆಯ ಗೇಟುಗಳೆಲ್ಲ ಒಮ್ಮೆಗೇ ತೆರೆದಂತೆ ಕಣ್ಣೀರು ಸುರಿಯಿತು. ಹಾರದಲ್ಲಿ ಮುಖ ಹುದುಗಿಸಿ, ಇಷ್ಟು ವರ್ಷಗಳಲ್ಲಿ ಮೊದಲ ಸಲ ಬೇಡುವ ದನಿಯಲ್ಲಿ ಅಂದರು...

"ಮೌಲಾಸಾಬ್ರ... ಹೆಸರು ನೀವ ಹೇಳ್ರಿ."

ಕುರ್ಚಿ ಕೊಟ್ಟ ಅಧಿಕಾರ ಒಂದು ಸಹಿಗೆ ಮುಗಿಯುತ್ತದೆ, ಜನ ಕೊಟ್ಟ ಅಧಿಕಾರಕ್ಕೆ ನಿವೃತ್ತಿಯಿಲ್ಲ.

ನಾಳೆ ನಿಮ್ಮ ಬಾಗಿಲಿನ ಬೋರ್ಡ್ ಕಿತ್ತರೆ... ನಿಮ್ಮ ಮಾತಿಗೆ ಎದ್ದು ಬರುವವರು ಯಾರಿದ್ದಾರೆ?